ಮನಸ್ಸಿನ ಕಾಯಿಲೆ, ಮನೆಯ ಮಾತು, ಗಡಿಯ ಭಾಷೆ

ನಾನು ಕಾಸರಗೋಡಿನವಳು, ಕನ್ನಡ ಎಂ.ಎ. ವಿದ್ಯಾರ್ಥಿನಿ. ನನ್ನ ಸೋದರಮಾವನಿಗೆ ಯಾರೂ ಇಲ್ಲದಾಗಲೂ ದನಿಗಳು ಕೇಳಿಸುತ್ತವೆ. ಡಾಕ್ಟರು ಇದನ್ನು ಸೈಕೋಸಿಸ್ ಅಂದರು. ಊರವರು ಮಾತ್ರ "ಸಾಕಿದ್ದೇ ಸರಿ ಇಲ್ಲ" ಅಂತ ಅಜ್ಜಿಯನ್ನು ದೂರಿದರು.

ಅದು ತಪ್ಪು. ಸಾಕಿದ ರೀತಿಯಿಂದ ಈ ಕಾಯಿಲೆ ಬರುವುದಿಲ್ಲ. ಆದರೆ ಅದು ಮರುಕಳಿಸುವುದಕ್ಕೂ ಮನೆಯ ಮಾತಿಗೂ ಸಂಬಂಧವಿದೆ. 1950ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಸ್ಕಿಜೋಫ್ರೇನಿಯಾ ಇದ್ದವರ ಮನೆಗಳನ್ನು ಗಮನಿಸತೊಡಗಿದರು. ಸದಾ ತಪ್ಪು ಹುಡುಕುವ, ಹಗೆ ತೋರುವ, ಅತಿಯಾಗಿ ಹಚ್ಚಿಕೊಳ್ಳುವ ಮನೆಗಳಲ್ಲಿ ಕಾಯಿಲೆ ಹೆಚ್ಚಾಗಿ ಮರಳುತ್ತದೆ ಎಂಬುದು ಮುಂದಿನ ಅಧ್ಯಯನಗಳಲ್ಲಿ ಕಂಡುಬಂತು. 1987ರಲ್ಲಿ ಪ್ರಕಟವಾದ ಚಂಡೀಗಢದ ಅಧ್ಯಯನದಲ್ಲಿ ಅಂಥ ಮನೆಗಳು ಲಂಡನ್ನಿಗಿಂತ ಕಡಿಮೆ; ಆದರೂ ಹಗೆಯ ಮಾತಿದ್ದಲ್ಲಿ ಕಾಯಿಲೆ ಮರಳುವುದು ಹೆಚ್ಚಿತ್ತು.

ಗಡಿಯಲ್ಲಿ ಇನ್ನೊಂದು ತೊಡಕು. ಮಾವನದು ಕನ್ನಡ, ಡಾಕ್ಟರದು ಮಲಯಾಳ, ನಡುವೆ ಅತ್ತೆ. ಮಾವ ಹೇಳಿದ್ದು, "ಗೋಡೆಯ ಆಚೆ ಮಾತಾಡುವುದು ಕೇಳ್ತದೆ." ದಣಿದಿದ್ದ ಅತ್ತೆ ಮಲಯಾಳದಲ್ಲಿ ದಾಟಿಸಿದ್ದು, "ಇವರು ಹೇಳಿದ್ದು ಕೇಳುವುದಿಲ್ಲ." ಲಕ್ಷಣ ಹೋಗಿ ದೂರು ಬಂತು.

ಈಗ ಜೊತೆಗೆ ನಾನೂ ಹೋಗ್ತೇನೆ, ಮಾವನ ಮಾತನ್ನು ಇದ್ದ ಹಾಗೇ ದಾಟಿಸ್ತೇನೆ. ಮಾತ್ರೆ ನಿಲ್ಲಿಸಿಲ್ಲ. ನಿಲ್ಲಿಸಿದ್ದು ಮನೆಯಲ್ಲಿ 'ಹುಚ್ಚ' ಅನ್ನುವುದನ್ನು. ಅತ್ತೆಗೂ ವಾರಕ್ಕೊಂದು ದಿನ ಬಿಡುವು ಸಿಗುವ ಹಾಗೆ ಮಾಡಿದ್ದೇವೆ.