ಗೇಣುದ್ದದ ಮಾರುತ

ಬಂಕಾಪುರದ ಬಳಿ ಹಾದುಹೋಗುವ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಂತ ಲಾರಿಯೊಂದನ್ನು ಗಮನವಿಟ್ಟು ನೋಡಿರಿ. ಕ್ಲೀನರನು ಕಾಲಿಟ್ಟು ಹತ್ತುವಲ್ಲಿ ಬಣ್ಣ ಸವೆದಿರುತ್ತದೆ. ಎಣ್ಣೆ ಟಾಕಿಯ ಮುಚ್ಚಳದ ಕೆಳಗೆ ಕಪ್ಪು ಜಿಗುಟು ಇಳಿದಿರುತ್ತದೆ. ಬಿಸಿಲುಂಡ ಮೇಲ್ಭಾಗ ಮಾಸಿರುತ್ತದೆ. ಕೊಳೆಗೂ ಒಂದು ಕಾರಣವುಂಟು. ಮಾದರಿ ವಿಮಾನಕ್ಕೆ ಬಣ್ಣ ಬಳಿಯುವ ಹವ್ಯಾಸದಲ್ಲಿ ನಾನು ತಡವಾಗಿ ಕಲಿತ ಪಾಠ ಇದೇ.

ನಾನು ಆರಿಸಿಕೊಂಡದ್ದು ನಮ್ಮ ನಾಡಿನಲ್ಲಿಯೇ ಹುಟ್ಟಿದ ‘ಮಾರುತ’ವನ್ನು. ಜರ್ಮನಿಯ ಕುರ್ಟ್ ಟ್ಯಾಂಕ್ ಅವರ ಮುಂದಾಳುತನದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಈ ಜೆಟ್ ಯುದ್ಧವಿಮಾನ 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿತು. ಅದರ ಉದ್ದ 15.87 ಮೀಟರು. ಎಪ್ಪತ್ತೆರಡರಲ್ಲಿ ಒಂದಂಶಕ್ಕೆ ಇಳಿಸಿದರೆ 22 ಸೆಂಟಿಮೀಟರು, ಅಂದರೆ ಒಂದು ಗೇಣು. ವಿಮಾನ ಕುಗ್ಗಿದಂತೆ ಅದರ ಕಲೆಗಳೂ ಕುಗ್ಗಬೇಕಷ್ಟೆ! ಮಾದರಿಯ ಮೇಲೆ ಒಂದು ಮಿಲಿಮೀಟರಿನ ಚುಕ್ಕೆಯಿಟ್ಟರೆ, ನಿಜವಾದ ವಿಮಾನದಲ್ಲಿ ಏಳು ಸೆಂಟಿಮೀಟರು ಅಗಲ ಬಣ್ಣ ಕಿತ್ತಂತಾಯಿತು. ಹೊಸಬರೆಲ್ಲ ಎಡವುವುದು ಇಲ್ಲಿಯೇ.

ಕೆಲಸದ ಕ್ರಮ ಹೀಗೆ. ಅಕ್ರಿಲಿಕ್ ಬಣ್ಣವನ್ನು ತೆಳ್ಳಗೆ ಎರಡು ಮೂರು ಸಲ ಬಳಿದು, ಒಣಗಿದ ಮೇಲೆ ಅಕ್ರಿಲಿಕ್ ಜಾತಿಯದೇ ಹೊಳಪು ವಾರ್ನಿಷ್ ಕೊಡಬೇಕು. ಆಮೇಲೆ ಚಿತ್ರಕಾರರ ಕಂದು ತೈಲವರ್ಣವನ್ನು ಟರ್ಪೆಂಟೈನಿನಲ್ಲಿ ನೀರಿನಷ್ಟು ತೆಳುಮಾಡಿ, ತಗಡುಗಳ ಸಂದಿಗೆ ಕುಂಚದ ತುದಿ ಮುಟ್ಟಿಸಿದರೆ ಅದು ತಾನಾಗಿ ಹರಿದುಹೋಗುತ್ತದೆ. ಮಿಕ್ಕದ್ದನ್ನು ಹತ್ತಿಯಿಂದ ಒರೆಸುವುದು. ಕೊನೆಗೆ ಹೊಳಪಿಲ್ಲದ ವಾರ್ನಿಷ್. ಮೊದಲ ಸಲ ನಾನು ಎನಾಮಲ್ ಬಣ್ಣದ ಮೇಲೆಯೇ ಈ ತೈಲವನ್ನು ಹಚ್ಚಿದೆ. ಟರ್ಪೆಂಟೈನು ಎನಾಮಲನ್ನೂ ಕರಗಿಸಿತು; ಒಂದು ತಿಂಗಳ ದುಡಿಮೆ ಹತ್ತಿಯೊಡನೆ ಎದ್ದುಬಂದಿತು.

ಒರೆಸುವ ದಿಕ್ಕೂ ಮುಖ್ಯ. ಲಾರಿಯ ಮೇಲಿನ ಕಲೆ ಕೆಳಕ್ಕೆ ಇಳಿಯುತ್ತದೆ; ಹಾರುವ ವಿಮಾನದ ಎಣ್ಣೆಯನ್ನು ಗಾಳಿ ಹಿಂದಕ್ಕೆ ಎಳೆಯುತ್ತದೆ. ಮಾರುತದ ಮೂತಿಯಲ್ಲಿ 30 ಮಿಲಿಮೀಟರಿನ ನಾಲ್ಕು ಫಿರಂಗಿಗಳಿದ್ದವು. ಅವುಗಳ ಬಾಯಿಯ ಹಿಂದೆ ಮಸಿ ತೋರಿಸಲು ಪೆನ್ಸಿಲಿನ ಸೀಸದ ಪುಡಿ ಸಾಕು. ಬಾಲದಲ್ಲಿ ಎರಡು ಎಂಜಿನುಗಳ ಬಿಸಿಗೆ ಲೋಹ ಕಂದಿದಂತೆ ಕಾಣಬೇಕು. ಆದರೆ ರೆಕ್ಕೆಯ ಮೇಲೆ ಕೆಂಪು ತುಕ್ಕು ಬರೆಯುವವರಿದ್ದಾರಲ್ಲ, ಅವರಿಗೆ ರಸಾಯನಶಾಸ್ತ್ರದ ಅಧ್ಯಾಪಕರೇ ಬುದ್ಧಿ ಹೇಳಬೇಕು! ಅಲ್ಯುಮಿನಿಯಮ್ಮಿಗೆ ಕಬ್ಬಿಣದ ತುಕ್ಕು ಎಲ್ಲಿಂದ ಬಂದೀತು?

ಬೆಂಗಳೂರಿನ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ಮಾರುತವನ್ನು ಕಣ್ಣಾರೆ ನೋಡಬಹುದು. ಆಕಾರವನ್ನು ತಿಳಿಯಲು ಅದು ಸರಿ; ಕೊಳೆಯನ್ನು ಕಲಿಯಲು ಅದು ಹಾರುತ್ತಿದ್ದ ಕಾಲದ ಛಾಯಾಚಿತ್ರಗಳೇ ಬೇಕು. ಪ್ರದರ್ಶನಕ್ಕೆ ನಿಂತ ಯಂತ್ರದ ಮೈಮೇಲೆ ದುಡಿಮೆಯ ಗುರುತು ಎಷ್ಟು ದಿನ ಉಳಿದೀತು?

ನನ್ನ ಎರಡನೆಯ ಮಾದರಿಯ ಗಾಲಿಗಳಿಗೆ ಹಿತ್ತಲಿನ ಕೆಮ್ಮಣ್ಣನ್ನು ಜರಡಿ ಹಿಡಿದು ಹಚ್ಚಿ, ಬಲು ಹೆಮ್ಮೆಯಿಂದ ನಮ್ಮ ಇತಿಹಾಸದ ಅಧ್ಯಾಪಕರಿಗೆ ತೋರಿಸಿದೆ. ಮಾರುತಗಳು 1971ರ ಯುದ್ಧದಲ್ಲಿ ದುಡಿದದ್ದು ರಾಜಸ್ಥಾನದ ಮರುಭೂಮಿಯ ಗಡಿಯಲ್ಲಿ. ಅವರು ಕನ್ನಡಕ ಸರಿಪಡಿಸಿಕೊಂಡು, “ಏನಪ್ಪಾ, ಇದು ಬಂಕಾಪುರದಾಗ ಇಳಿದಿತ್ತೇನು?” ಎಂದರು. ಆ ಸಂಜೆಯೇ ಗಾಲಿಗಳನ್ನು ತೊಳೆದು, ಹಳದಿ ಸುಣ್ಣದಕಡ್ಡಿಯನ್ನು ಪುಡಿಮಾಡಲು ಕುಳಿತೆ.