ಬಿಲ್ಲಿಲ್ಲದ ಮಿಕ್ಸಿ, ಮೂರನೇ ಗಡಿಯಾರ

ಆಷಾಢದಲ್ಲಿ ನಮ್ಮ ಪಾತ್ರೆ ಅಂಗಡಿಗೆ ಕೊಳ್ಳುವವರಿಗಿಂತ ವಾಪಸು ತರುವವರೇ ಹೆಚ್ಚು. ವೈಶಾಖ, ಜ್ಯೇಷ್ಠದ ಮದುವೆಗಳೆಲ್ಲ ಮುಗಿದು, ಅಟ್ಟಕ್ಕೆ ಏರಿಸಿದ್ದ ಉಡುಗೊರೆಗಳನ್ನು ಕೆಳಗಿಳಿಸಿ ಬಣ್ಣದ ಕಾಗದ ಬಿಚ್ಚಲು ಪುರುಸೊತ್ತು ಸಿಗುವುದು ಆಗಲೇ. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಗಲ್ಲಾದ ಮೇಲೆ ಕೂರುವ ನನಗೆ ಅಂಥವರು ದೂರದಿಂದಲೇ ಗೊತ್ತಾಗುತ್ತಾರೆ. ಕೊಳ್ಳಲು ಬಂದವರು ಸೀದಾ ಒಳಗೆ ಬಂದು ಕುಕ್ಕರಿನ ತೂಕ ನೋಡುತ್ತಾರೆ. ವಾಪಸು ತಂದವರು ಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಬೇರೆ ಗಿರಾಕಿಗಳು ಹೋಗಲಿ ಎಂದು ಕಾದು, ದನಿ ತಗ್ಗಿಸಿ ಕೇಳುತ್ತಾರೆ:

"ಅಕ್ಕಾ, ಇದು ನಿಮ್ಮಂಗಡೀದೇ ಇರ್ಬೇಕು. ಬಿಲ್ ಇಲ್ಲ. ಕೇಸು ಗೀಸು ಅಂತ ಏನೂ ಆಗಲ್ವಲ್ಲ?"

ಮಿಕ್ಸಿ ಎರಡಾದವರು, ಗೋಡೆ ಗಡಿಯಾರ ಮೂರಾದವರು, ಇಬ್ಬರೇ ಇರುವ ಮನೆಗೆ ಐವತ್ತೊಂದು ತುಂಡಿನ ಡಿನ್ನರ್ ಸೆಟ್ ಬಂದು ಕಂಗಾಲಾದವರು. ಇವರಲ್ಲಿ ಒಬ್ಬರೂ ಕಳ್ಳರಲ್ಲ. ಆದರೂ ಎಲ್ಲರ ಮುಖದಲ್ಲೂ ಕಳ್ಳತನ ಮಾಡಿದವರ ಅಳುಕು. ಬಿಲ್ಲಿಲ್ಲದ ವಸ್ತುವನ್ನು ಅಂಗಡಿಗೆ ತರುವುದೇ ಅಪರಾಧವಿರಬಹುದು, ಅಂಗಡಿಯವಳು ಪೊಲೀಸರನ್ನು ಕರೆದರೆ ಏನು ಗತಿ, ಕೊಟ್ಟ ಸೋದರಮಾವನಿಗೆ ನೋಟಿಸು ಹೋದರೆ? ಈ ಪ್ರಶ್ನೆಗಳನ್ನು ಕೇಳಿ ಕೇಳಿ, ವಕೀಲನಾಗಿರುವ ನನ್ನ ಅಣ್ಣನ ಮಗನನ್ನು ಕೂರಿಸಿಕೊಂಡು ಕಾಯ್ದೆಯ ಪುಸ್ತಕ ತೆರೆಸಿದೆ. ಅವನು ಓದಿ ಹೇಳಿದ್ದನ್ನೂ ನಾನು ಅಂಗಡಿಯಲ್ಲಿ ಕಂಡದ್ದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲು ಆ ವಸ್ತು ಯಾರದು ಎನ್ನುವ ಮಾತು. ಉಡುಗೊರೆ ಎಂದರೇನೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಕಲಂ ಹೇಳುತ್ತದೆ. ದುಡ್ಡು ಪಡೆಯದೆ, ಸ್ವಂತ ಮನಸ್ಸಿನಿಂದ ಒಬ್ಬರು ಕೊಡಬೇಕು, ಇನ್ನೊಬ್ಬರು ಒಪ್ಪಿ ತೆಗೆದುಕೊಳ್ಳಬೇಕು. ಸೈಟು, ಮನೆಯಾದರೆ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ಕುಕ್ಕರಿಗೆ ಅದೇನೂ ಬೇಡ, ಕೈಗೆ ಕೊಟ್ಟರೆ ಸಾಕು ಎನ್ನುತ್ತದೆ 123ನೇ ಕಲಂ. ಮಂಟಪದಲ್ಲಿ ಫೋಟೋಗೆ ನಿಂತು ಪೊಟ್ಟಣ ಕೈಗಿತ್ತ ಗಳಿಗೆಗೇ ಅದು ನಿಮ್ಮದಾಯಿತು. ಬಳಸಿ, ಮಾರಿ, ಕೆಲಸದವಳ ಮಗಳ ಮದುವೆಗೆ ಕೊಡಿ, ಅಂಗಡಿಗೆ ವಾಪಸು ತನ್ನಿ, ಕೇಳುವವರಿಲ್ಲ. ಸೋದರಮಾವನಿಗೆ ಬೇಸರವಾದೀತು, ಅದು ಬೇರೆ. ಬಿಲ್ಲು ಮಾಲೀಕತ್ವದ ಪತ್ರವಲ್ಲ, ಇಂಥ ದಿನ ಇಂಥ ಅಂಗಡಿಯಲ್ಲಿ ಇಷ್ಟಕ್ಕೆ ಮಾರಾಟವಾಯಿತು ಎನ್ನುವುದಕ್ಕೆ ಸಾಕ್ಷಿ, ಅಷ್ಟೇ. ಸಾಕ್ಷಿ ಕೈಯಲ್ಲಿಲ್ಲ ಎಂದ ಮಾತ್ರಕ್ಕೆ ವಸ್ತು ಕದ್ದದ್ದಾಗುವುದಿಲ್ಲ.

ಹಾಗಾದರೆ ಅಂಗಡಿಯವರು ವಾಪಸು ತೆಗೆದುಕೊಳ್ಳಲೇಬೇಕೆ? ಇಲ್ಲ. ಇಷ್ಟವಾಗಲಿಲ್ಲ, ಬಣ್ಣ ಹಿಡಿಸಲಿಲ್ಲ, ಮನೆಯಲ್ಲಿ ಆಗಲೇ ಒಂದಿದೆ ಎಂಬ ಕಾರಣಕ್ಕೆ ವಾಪಸು ಕೊಡುವ ಹಕ್ಕನ್ನು ನಮ್ಮ ದೇಶದ ಕಾನೂನು ಕೊಟ್ಟಿಲ್ಲ. ಬದಲಾಯಿಸಿ ಕೊಟ್ಟರೆ ಅದು ಅಂಗಡಿಯ ಪದ್ಧತಿ, ಇಲ್ಲವೇ ಮುಲಾಜು. ದುಡ್ಡು ಕೈಗೆ ಬರುವುದಂತೂ ಅಪರೂಪ, ಬದಲಿಗೆ ಬೇರೆ ಸಾಮಾನು ಒಯ್ಯಿರಿ ಎನ್ನುವವರೇ ಎಲ್ಲ. ನಾನೂ ಅದೇ ಹೇಳುತ್ತೇನೆ. ಅದರಲ್ಲೂ ಹೆಸರು ಹಾಕಿಸಿದ ಪಾತ್ರೆಯನ್ನು ಮುಟ್ಟುವುದಿಲ್ಲ. ಮಿಷನ್ನಿನಲ್ಲಿ ಕುರ್ ಕುರ್ ಎಂದು ಅಜ್ಜಿಯ ಹೆಸರು, ಮದುವೆಯ ತಾರೀಖು, 'ಶುಭಾಶಯಗಳೊಂದಿಗೆ' ಎಂದು ಕೆತ್ತಿಸಿದ ಕೊಡಪಾನವನ್ನು ನಾನು ಇನ್ನು ಯಾರಿಗೆ ಮಾರಲಿ? ಕೆಲವರು ಹೆಸರು ಹಾಕಿಸುವುದೇ ಈ ಲೆಕ್ಕದಲ್ಲಿ ಎಂದು ನನಗೆ ಬಹಳ ದಿನದ ಅನುಮಾನ.

ದೋಷವಿದ್ದರೆ ಮಾತ್ರ ಮಾತು ಪೂರ್ತಿ ಬದಲಾಗುತ್ತದೆ. ಮಿಕ್ಸಿಯ ಜಾರು ಸೋರುತ್ತದೆ, ಕುಕ್ಕರಿನ ಮುಚ್ಚಳ ಕೂರುವುದಿಲ್ಲ, ಮೋಟಾರು ಮೊದಲ ದಿನವೇ ಸುಟ್ಟಿತು ಎಂದು ತಂದರೆ, "ನೀವು ಕೊಂಡವರಲ್ಲ, ಕೊಂಡವರನ್ನೇ ಕಳಿಸಿ" ಎನ್ನುವ ಅಂಗಡಿಗಳಿವೆ. ಹಾಗೆ ಹೇಳುವಂತಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕ ಯಾರೆಂದು ಹೇಳುವಾಗ, ದುಡ್ಡು ಕೊಟ್ಟು ಕೊಂಡವರ ಜೊತೆಗೆ ಅವರ ಒಪ್ಪಿಗೆಯಿಂದ ಆ ವಸ್ತುವನ್ನು ಬಳಸುವವರನ್ನೂ ಸೇರಿಸಿದೆ. ಉಡುಗೊರೆ ಕೊಟ್ಟ ಮೇಲೆ ಇನ್ನೆಂಥ ಒಪ್ಪಿಗೆ ಬೇಕು? ಮದುಮಗಳೂ ಗ್ರಾಹಕಳೇ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದನ್ನು ಅದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್ಲು ಕೊಡದೆ ಮಾರುವುದೂ ಅದೇ ಪಟ್ಟಿಯಲ್ಲಿದೆ. ಅಂದಮೇಲೆ, ತಾನೇ ಬಿಲ್ಲು ಕೊಡದೆ ಮಾರಿ ಆಮೇಲೆ 'ಬಿಲ್ಲೆಲ್ಲಿ' ಎಂದು ಗದರಿಸುವವನು ಅಂಗಡಿಯ ಮಾಲೀಕನಾದರೂ ತಪ್ಪು ಅವನದೇ.

'ಒಮ್ಮೆ ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ' ಎಂಬ ಸಾಲು ನಮ್ಮ ಬಜಾರಿನ ಅರ್ಧ ಬಿಲ್ ಪುಸ್ತಕಗಳ ಅಡಿಯಲ್ಲಿ ಇನ್ನೂ ಅಚ್ಚಾಗುತ್ತಿದೆ. ದೋಷವಿರುವ ಮಾಲಿನ ಮುಂದೆ ಆ ಸಾಲಿಗೆ ಬೆಲೆಯಿಲ್ಲ. ಪ್ರಿಂಟಿಂಗ್ ಪ್ರೆಸ್ಸಿನವನು ಹಳೆಯ ನಮೂನೆಯನ್ನೇ ಒತ್ತುತ್ತಾನೆ, ಅದಕ್ಕೆ ಉಳಿದುಕೊಂಡಿದೆ.

ಕುಕ್ಕರಿನ ವಿಷಯ ಒಂದು ಕೈ ಹೆಚ್ಚೇ ಹೇಳಬೇಕು. ಮನೆಬಳಕೆಯ ಪ್ರೆಶರ್ ಕುಕ್ಕರಿಗೆ ಐಎಸ್‌ಐ ಗುರುತು 2021ರ ಫೆಬ್ರವರಿಯಿಂದ ಕಡ್ಡಾಯ. ಗುರುತಿಲ್ಲದ ಕುಕ್ಕರುಗಳನ್ನು ಮಾರಲು ಬಿಟ್ಟದ್ದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಎರಡು ದೊಡ್ಡ ಆನ್‌ಲೈನ್ ಕಂಪನಿಗಳಿಗೆ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿ, ಕುಕ್ಕರುಗಳನ್ನು ಹಿಂದಕ್ಕೆ ಪಡೆದು ಕೊಂಡವರಿಗೆ ಹಣ ವಾಪಸು ಮಾಡಿ ಎಂದು ಆದೇಶಿಸಿತು. ಉಡುಗೊರೆಯಾಗಿ ಬಂದ ಕುಕ್ಕರಿನ ಮೇಲೆ ಆ ಗುರುತಿಲ್ಲವೆಂದರೆ ಅದು 'ಬೇಡವಾದ' ಉಡುಗೊರೆಯಲ್ಲ, ಮಾರಲೇಬಾರದಾಗಿದ್ದ ಸಾಮಾನು. ಒಲೆಗಿಡುವ ಮುಂಚೆ ನೋಡಿಕೊಳ್ಳಿ, ಆಮೇಲೆ ಸಂಕೋಚವಿಲ್ಲದೆ ವಾಪಸು ತನ್ನಿ.

ಬಿಲ್ಲು ನಿಮ್ಮ ಬಳಿ ಇಲ್ಲದಿದ್ದರೂ ಅಂಗಡಿಯ ಬಳಿ ಅದರ ಪ್ರತಿ ಇರುತ್ತದೆ. ಜಿಎಸ್‌ಟಿ ಲೆಕ್ಕದ ಪುಸ್ತಕಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸುವ ಕೊನೆಯ ದಿನದಿಂದ 72 ತಿಂಗಳು ಜೋಪಾನ ಮಾಡಬೇಕೆಂದು ಕಾನೂನಿದೆ, ನಮ್ಮ ಮೇಲಟ್ಟದ ಒಂದು ಮೂಲೆ ಅದಕ್ಕೇ ಮೀಸಲು. ಕೊಟ್ಟವರ ಹೆಸರು, ಸುಮಾರು ತಾರೀಖು, ಅವರ ಫೋನ್ ನಂಬರು, ಫೋನ್‌ಪೇ ಮಾಡಿದ ಮೆಸೇಜು, ಮಿಕ್ಸಿಯ ತಳದ ಸೀರಿಯಲ್ ನಂಬರು, ಡಬ್ಬಿಯ ಮೇಲೆ ನಾವು ಅಂಟಿಸಿದ ಬೆಲೆಚೀಟಿ, ಇವುಗಳಲ್ಲಿ ಯಾವುದಾದರೂ ಒಂದು ಎಳೆ ಸಿಕ್ಕರೆ ಕಂಪ್ಯೂಟರಿನಲ್ಲಿ ಹುಡುಕಬಹುದು. ಮದುವೆ ಮನೆಯವರ ಬಳಿ ಮುಯ್ಯಿ ಬರೆದ ಪುಸ್ತಕವಂತೂ ಇದ್ದೇ ಇರುತ್ತದೆ. ಯಾರು ಏನು ಕೊಟ್ಟರೆಂಬುದಕ್ಕೆ ಅದಕ್ಕಿಂತ ಪಕ್ಕಾ ದಾಖಲೆ ನಾನು ಕಂಡಿಲ್ಲ.

ಇಷ್ಟಾದ ಮೇಲೂ ನಾನು ಬಿಲ್ಲು ಕೇಳುವುದೇಕೆ? ಕಾರಣ ಕೇಸಿನ ಭಯವಲ್ಲ, ದರ. ಡಬ್ಬಿಯ ಮೇಲೆ ಎಂಆರ್‌ಪಿ ಒಂದಿರುತ್ತದೆ, ನಾನು ಮಾರುವುದು ಅದಕ್ಕಿಂತ ಕಮ್ಮಿಗೆ, ಮದುವೆಗೆಂದು ಹತ್ತು ಸಾಮಾನು ಒಟ್ಟಿಗೆ ಒಯ್ದವರಿಗೆ ಇನ್ನೂ ಕಮ್ಮಿಗೆ. ತಂದವರು ಎಂಆರ್‌ಪಿ ತೋರಿಸಿ ಅಷ್ಟರ ಸಾಮಾನು ಕೇಳುತ್ತಾರೆ. ಮೇಲೆ ತೆರಿಗೆ ಬೇರೆ. 2025ರ ಸೆಪ್ಟೆಂಬರ್ 22ರಿಂದ ಸ್ಟೀಲ್ ಪಾತ್ರೆಯ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿಯಿತು. ತೆರಿಗೆ ಬಿಟ್ಟು 5,000 ರೂಪಾಯಿಯ ಸ್ಟೀಲ್ ಸೆಟ್ ಅದಕ್ಕೆ ಮುಂಚೆ ಹೋಗಿದ್ದರೆ ತೆರಿಗೆ 600 ರೂಪಾಯಿ, ಆಮೇಲೆ ಹೋಗಿದ್ದರೆ 250. ವಾಪಸು ಪಡೆದ ಮಾಲಿಗೆ ನಾನು ಕ್ರೆಡಿಟ್ ನೋಟ್ ಬರೆಯಬೇಕಾದದ್ದು ಮೊದಲ ಬಿಲ್ಲಿನ ಲೆಕ್ಕಕ್ಕೆ. ಬಿಲ್ಲೇ ಗೊತ್ತಿಲ್ಲದಿದ್ದರೆ ಯಾವುದರ ಲೆಕ್ಕಕ್ಕೆ ಬರೆಯಲಿ? ಆ ಕ್ರೆಡಿಟ್ ನೋಟನ್ನು ಜಿಎಸ್‌ಟಿ ಲೆಕ್ಕಕ್ಕೆ ಸೇರಿಸಲೂ ಗಡುವಿದೆ: ಮಾರಿದ ಆರ್ಥಿಕ ವರ್ಷ ಮುಗಿದ ನಂತರ ಬರುವ ನವೆಂಬರ್ 30. ಹೋದ ವರ್ಷದ ಹಿಂದಿನ ವರ್ಷದ ಗೃಹಪ್ರವೇಶದ ಸೆಟ್ಟನ್ನು ಈಗ ತಂದರೆ ನಾನು ಮುಖ ಸಣ್ಣದು ಮಾಡುವುದು ಇದಕ್ಕೇ, ನಿಮ್ಮ ಮೇಲೆ ಅನುಮಾನಪಟ್ಟಲ್ಲ.

ಅನುಮಾನ ಪಡುವ ಸಂದರ್ಭವೂ ಇಲ್ಲದಿಲ್ಲ. ಕಳವಿನ ಮಾಲೆಂದು ಗೊತ್ತಿದ್ದೂ, ಅಥವಾ ಹಾಗೆಂದು ನಂಬಲು ಕಾರಣವಿದ್ದೂ ಅಪ್ರಾಮಾಣಿಕವಾಗಿ ತೆಗೆದುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 317ನೇ ಕಲಂ ಅಂಗಡಿಯವರ ಕುತ್ತಿಗೆಗೇ ಬರುತ್ತದೆ. ಬಿಚ್ಚದ ಒಂದೇ ಮಾದರಿಯ ಆರು ಕುಕ್ಕರುಗಳನ್ನು ಒಬ್ಬನೇ ಹುಡುಗ ತಂದರೆ ನಾನು ಪ್ರಶ್ನೆ ಕೇಳುತ್ತೇನೆ. ಹಳೆಯ ತಾಮ್ರದ ಹಂಡೆ, ಬೆಳ್ಳಿಯ ಕುಂಕುಮದ ಬಟ್ಟಲಿಗೂ ಹಾಗೆಯೇ. ಈಚೆಗೆ ಹಾಲ್‌ಮಾರ್ಕ್ ಆದ ಚಿನ್ನದ ಒಡವೆಯಾದರೆ ಅದರ ಮೇಲೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಇರುತ್ತದೆ. ಬಿಐಎಸ್ ಕೇರ್ ಆ್ಯಪಿನಲ್ಲಿ ಅದನ್ನು ಹಾಕಿದರೆ ಹಾಲ್‌ಮಾರ್ಕ್ ಮಾಡಿಸಿದ ಆಭರಣ ವ್ಯಾಪಾರಿಯ ನೋಂದಣಿ, ಶುದ್ಧತೆ ತಿಳಿಯುತ್ತದೆ, ಬಿಲ್ಲಿಲ್ಲದವರಿಗೆ ಯಾವ ಅಂಗಡಿಯೆಂದು ಹುಡುಕಲು ಅನುಕೂಲ. ಈಗಿನ ಮಾಲೀಕರು ಯಾರೆಂದು ಮಾತ್ರ ಅದು ಹೇಳುವುದಿಲ್ಲ.

ವಾಪಸು ತರುವವರ ಕಡೆಯಿಂದ ಅಪರಾಧ ಶುರುವಾಗುವುದು ಸುಳ್ಳಿನಿಂದ. ಬೇರೆ ಊರಿನಲ್ಲಿ ಕೊಂಡದ್ದೆಂದು ಗೊತ್ತಿದ್ದೂ "ನಿಮ್ಮಲ್ಲೇ ತಗೊಂಡಿದ್ದು" ಎಂದು ಆಣೆ ಮಾಡಿ ದುಡ್ಡು ಪಡೆಯುವುದು, ಹೊಸದರ ಬಿಲ್ಲು ಹಿಡಿದು ಹಳೆಯ ಮಿಕ್ಸಿ ಕೊಡುವುದು, ಬೆಲೆಚೀಟಿ ಕಿತ್ತು ಬೇರೆಯದು ಅಂಟಿಸುವುದು. ಇವು ವಂಚನೆ, 318ನೇ ಕಲಂ. "ಎಲ್ಲಿ ತಗೊಂಡಿದ್ದೋ ಗೊತ್ತಿಲ್ಲ, ನೋಡಿ ಹೇಳಿ" ಎನ್ನುವುದು ವಂಚನೆಯಲ್ಲ. ಬಿಲ್ಲಿಲ್ಲ ಎನ್ನಲು ಹೆದರಿ ಕಥೆ ಕಟ್ಟುವವರೇ ಸುಮ್ಮನೆ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ.

ನಿಜಕ್ಕೂ ಚಿಂತೆ ಮಾಡಬೇಕಾದ ಜಾಗ ಬೇರೆ ಇದೆ, ಅದನ್ನು ಯಾರೂ ಕೇಳುವುದಿಲ್ಲ. ಮದುವೆಯಾದ ಒಂದೆರಡು ತಿಂಗಳಿಗೆ ಅತ್ತೆ ಒಬ್ಬರೇ ಬರುತ್ತಾರೆ. ಸೊಸೆ ಆಷಾಢಕ್ಕೆ ತವರಿಗೆ ಹೋಗಿರುತ್ತಾಳೆ. "ನಮ್ಮನೇಲಿ ಇವೆಲ್ಲ ಇದೆಯಮ್ಮ, ಯಾಕೆ ಸುಮ್ನೆ" ಎಂದು ದೀಪಾಲೆ ಕಂಬ, ಹಿತ್ತಾಳೆ ಬಿಂದಿಗೆ ಎಲ್ಲ ಮೇಜಿನ ಮೇಲಿಡುತ್ತಾರೆ. ಅವು ಯಾರವು? ಮದುಮಗಳಿಗೆಂದು ಬಂದ ಉಡುಗೊರೆ ಅವಳ ಸ್ತ್ರೀಧನ. ತವರಿನವರು ಕೊಟ್ಟಿರಲಿ, ಗಂಡನ ಕಡೆಯವರು ಕೊಟ್ಟಿರಲಿ, ಅವಳಿಗೇ ಸೇರಿದ್ದು. ಗಂಡನ ಮನೆಯ ಬೀರುವಿನಲ್ಲಿದ್ದರೂ ಅದು ಮನೆಯ ಸಾಮೂಹಿಕ ಆಸ್ತಿಯಾಗುವುದಿಲ್ಲ, ಇಟ್ಟುಕೊಂಡವರು ಅವಳ ಪರವಾಗಿ ಕಾಯುವವರು ಮಾತ್ರ, ಅಪ್ರಾಮಾಣಿಕವಾಗಿ ದಕ್ಕಿಸಿಕೊಂಡರೆ ಅಪರಾಧಿಕ ನಂಬಿಕೆ ದ್ರೋಹ ಎಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. 2024ರಲ್ಲಿ ಅದೇ ನ್ಯಾಯಾಲಯ, ಮಗಳು ಅಧಿಕಾರ ಕೊಡದೆ ಅವಳ ಸ್ತ್ರೀಧನವನ್ನು ಕೇಳುವ ಹಕ್ಕು ಹೆತ್ತ ತಂದೆಗೂ ಇಲ್ಲ ಎಂದಿತು.

ವರದಕ್ಷಿಣೆ ನಿಷೇಧ ಕಾಯ್ದೆಯಡಿ 1985ರಲ್ಲಿ ಬಂದ ನಿಯಮಗಳ ಪ್ರಕಾರ ಮದುಮಗಳಿಗೆ ಬಂದ ಉಡುಗೊರೆಗಳ ಪಟ್ಟಿಯನ್ನು ಅವಳೂ, ಮದುಮಗನಿಗೆ ಬಂದವುಗಳ ಪಟ್ಟಿಯನ್ನು ಅವನೂ ಬರೆದಿಡಬೇಕು. ವಸ್ತು ಯಾವುದು, ಅಂದಾಜು ಬೆಲೆ, ಕೊಟ್ಟವರ ಹೆಸರು, ಸಂಬಂಧ ಎಲ್ಲ ಬರೆದು ಇಬ್ಬರೂ ಸಹಿ ಹಾಕಬೇಕು. ಹೀಗೆ ಪಟ್ಟಿ ಮಾಡಿದ ಮನೆಯೊಂದನ್ನೂ ನಾನು ನೋಡಿಲ್ಲ. ಮುಯ್ಯಿ ಪುಸ್ತಕ ಬರೆಯುವ ಉತ್ಸಾಹದ ಕಾಲು ಭಾಗ ಇದಕ್ಕಿದ್ದರೂ ಆಗುತ್ತಿತ್ತು. ಒಂಟಿಯಾಗಿ ಬಂದ ಅತ್ತೆಗೆ ನಾನು ಒಂದೇ ಮಾತು ಹೇಳುವುದು: "ಸೊಸೇನೂ ಕರ್ಕೊಂಡ್ ಬನ್ನಿ, ಅವಳಿಗೆ ಬೇಕಾದ್ದು ಆರಿಸ್ಕೊಳ್ಳಲಿ." ಕೆಲವರಿಗೆ ಕೋಪ ಬರುತ್ತದೆ. ಪಕ್ಕದ ಅಂಗಡಿಗೆ ಹೋಗುತ್ತಾರೆ, ಹೋಗಲಿ.

ಆನ್‌ಲೈನಿನಲ್ಲಿ ತರಿಸಿ ಕಳಿಸಿದ ಉಡುಗೊರೆಗೆ ಬಿಲ್ಲಿನ ತಾಪತ್ರಯ ಕಮ್ಮಿ, ಆರ್ಡರ್ ನಂಬರ್ ಇರುತ್ತದೆ. ದೋಷವಿದ್ದರೆ, ಜಾಹೀರಾತಿನಲ್ಲಿ ಹೇಳಿದಂತೆ ಇಲ್ಲದಿದ್ದರೆ ಮಾರಿದವರು ವಾಪಸು ಪಡೆಯಲು ನಿರಾಕರಿಸುವಂತಿಲ್ಲ ಎಂದು 2020ರ ಇ-ಕಾಮರ್ಸ್ ನಿಯಮಗಳಲ್ಲಿದೆ. ಆದರೆ ಹಣ ಸಾಮಾನ್ಯವಾಗಿ ಕೊಟ್ಟವರ ಖಾತೆಗೇ ಮರಳುತ್ತದೆ. ಅಮೆರಿಕದಲ್ಲಿರುವ ನಾದಿನಿಗೆ ಮೆಸೇಜು ಹೋಗಿ ಗುಟ್ಟು ರಟ್ಟಾಗುವುದು ಹೀಗೆ.

ದೋಷದ ಮಾಲಿಗೆ ಅಂಗಡಿಯವರು ಜಗ್ಗದಿದ್ದರೆ ಮೊದಲು 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಎಷ್ಟೋ ಜಗಳ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ವಸ್ತುವಿನ ಬೆಲೆ 5 ಲಕ್ಷ ರೂಪಾಯಿಯವರೆಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ವಕೀಲರು ಬೇಕೆಂದೇನೂ ಇಲ್ಲ. ಇದನ್ನು ಹೇಳಿದ್ದು ವಕೀಲನೇ.

ನಮ್ಮ ಅಂಗಡಿಯಲ್ಲಿ ಈಗ ಉಡುಗೊರೆ ಕಟ್ಟುವಾಗ ಡಬ್ಬಿಯೊಳಗೆ ಒಂದು ಚೀಟಿ ಹಾಕುತ್ತೇನೆ. ಬಿಲ್ ನಂಬರು, ತಾರೀಖು, ಅಂಗಡಿಯ ಫೋನ್ ನಂಬರು, 'ಬಳಸದಿದ್ದರೆ ಮೂರು ತಿಂಗಳೊಳಗೆ ಬದಲಾಯಿಸಿಕೊಳ್ಳಬಹುದು' ಎಂಬ ಸಾಲು. ಬೆಲೆ ಬರೆಯುವುದಿಲ್ಲ. ಇದರಿಂದ ಗಲ್ಲಾದ ಮುಂದಿನ ಪಿಸುಮಾತು ಕಮ್ಮಿಯಾಗಿದೆ. ಆದರೆ ಕೊಳ್ಳುವವರಲ್ಲಿ ಅರ್ಧಕ್ಕರ್ಧ ಜನ ನನ್ನ ಕಣ್ಣೆದುರೇ ಚೀಟಿ ತೆಗೆದು ವಾಪಸು ಕೊಡುತ್ತಾರೆ. "ಬದಲಾಯ್ಸ್ಕೊಳ್ಳಿ ಅಂತ ನಾವೇ ಹೇಳಿ ಕೊಟ್ಟಂಗಾಗುತ್ತೆ ಅಕ್ಕಾ, ಬೇಡ. ಅದರ ಬದ್ಲು ಹೆಸರು ಹಾಕಿಕೊಡಿ."