ಕೆಲಸದಲ್ಲಿ ಅಪಘಾತ: ನೌಕರನ ಪರಿಹಾರದ ಹಕ್ಕು

ಜೀವನೋಪಾಯಕ್ಕಾಗಿ ಹುಟ್ಟೂರನ್ನು ಬಿಟ್ಟು ಬಂದ ಅಸಂಖ್ಯ ಕನ್ನಡಿಗರು ಮುಂಬಯಿಯ ಹೋಟೆಲುಗಳಲ್ಲಿ, ಪುಣೆ ಮತ್ತು ಹೈದರಾಬಾದಿನ ಕಟ್ಟಡ ಕಾಮಗಾರಿಗಳಲ್ಲಿ, ಚೆನ್ನೈಯ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದಾರೆ. ಇಂಥವರಲ್ಲಿ ಒಬ್ಬರು ಕೆಲಸದ ವೇಳೆ ಸಾರುವೆಯಿಂದ ಬಿದ್ದಾಗ ಅಥವಾ ಯಂತ್ರಕ್ಕೆ ಸಿಲುಕಿ ಕೈ ಕಳೆದುಕೊಂಡಾಗ, ಆ ಕುಟುಂಬದ ಮೇಲೆ ಎರಡು ಬಗೆಯ ಸಂಕಟ ಒಮ್ಮೆಗೇ ಬಂದೆರಗುತ್ತದೆ. ಒಂದು, ಗಳಿಕೆ ನಿಂತುಹೋಗುವುದು. ಇನ್ನೊಂದು, ಪರಸ್ಥಳದಲ್ಲಿ ಯಾರನ್ನು ಕೇಳಬೇಕು, ಯಾವ ಕಚೇರಿಗೆ ಹೋಗಬೇಕು ಎಂಬುದು ತಿಳಿಯದಿರುವುದು. ಅನೇಕ ವೇಳೆ ಕುಟುಂಬವು ಮೇಸ್ತ್ರಿ ಕೊಟ್ಟಷ್ಟು ಹಣವನ್ನು ಪಡೆದು, ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿ, ಊರಿಗೆ ಮರಳುತ್ತದೆ. ಊರಿಗೆ ಮರಳಿದ ಮಾತ್ರಕ್ಕೆ ಹಕ್ಕು ಕಳೆದುಹೋಗುವುದಿಲ್ಲ ಎಂಬ ಸಂಗತಿ ಬಹಳ ಮಂದಿಗೆ ತಿಳಿದಿಲ್ಲ. ಪರಿಹಾರವು ಮಾಲೀಕನ ದಯೆಯಲ್ಲ. ಅದು ಕಾನೂನು ವಿಧಿಸಿರುವ ಹೊಣೆ.

ಕಾನೂನಿನ ಹಿನ್ನೆಲೆ

ಕೆಲಸಗಾರರಿಗೆ ಅಪಘಾತ ಪರಿಹಾರ ನೀಡುವ ಕಾನೂನು ಭಾರತದಲ್ಲಿ 1923ರಲ್ಲಿ ಅಂಗೀಕೃತವಾಗಿ 1924ರ ಜುಲೈ 1ರಿಂದ ಜಾರಿಗೆ ಬಂದಿತು. ಅದಕ್ಕೆ ಮುನ್ನ ಗಾಯಗೊಂಡ ಕೆಲಸಗಾರನು ಮಾಲೀಕನ ನಿರ್ಲಕ್ಷ್ಯವನ್ನು ಸಿವಿಲ್ ನ್ಯಾಯಾಲಯದಲ್ಲಿ ಸಾಬೀತುಪಡಿಸಬೇಕಾಗಿತ್ತು. ಕೂಲಿಯಿಂದ ಬದುಕುವವನಿಗೆ ಇದು ನಿಲುಕದ ಮಾತಾಗಿತ್ತು. 1923ರ ಅಧಿನಿಯಮವು ಈ ಹೊರೆಯನ್ನು ತೆಗೆದುಹಾಕಿತು. ತಪ್ಪು ಯಾರದೆಂಬ ಪ್ರಶ್ನೆಗೆ ಬದಲಾಗಿ, ಅಪಘಾತವು ಉದ್ಯೋಗದ ಕಾರಣದಿಂದ ಮತ್ತು ಉದ್ಯೋಗದ ಅವಧಿಯಲ್ಲಿ ಸಂಭವಿಸಿತೆ ಎಂಬ ಪ್ರಶ್ನೆಯೇ ಮುಖ್ಯವಾಯಿತು. 2009ರ ತಿದ್ದುಪಡಿಯಿಂದ ಇದು ‘ನೌಕರರ ಪರಿಹಾರ ಅಧಿನಿಯಮ’ ಎಂಬ ಹೆಸರನ್ನು ಪಡೆಯಿತು.

2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದಿದ್ದು, ಹಳೆಯ ಅಧಿನಿಯಮದ ಸ್ಥಾನದಲ್ಲಿ ಈ ಸಂಹಿತೆಯ ಏಳನೆಯ ಅಧ್ಯಾಯವು ನೌಕರರ ಪರಿಹಾರವನ್ನು ಕುರಿತು ವಿಧಿಸುತ್ತದೆ. ಹಳೆಯ ಕಾನೂನಿನ ಮೂಲತತ್ತ್ವಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ. ಪರಿಹಾರದ ಹೊಣೆಯು ಅಪಘಾತವಾದ ದಿನವೇ ಹುಟ್ಟುವುದರಿಂದ, ಸಂಹಿತೆ ಜಾರಿಗೆ ಬರುವ ಮುನ್ನ ಸಂಭವಿಸಿದ ಅಪಘಾತಗಳಲ್ಲಿ ಹಳೆಯ ಅಧಿನಿಯಮದಂತೆ ದೊರೆತ ಹಕ್ಕು ನಷ್ಟವಾಗುವುದಿಲ್ಲ.

ಯಾವ ಅಪಘಾತಕ್ಕೆ ಪರಿಹಾರ?

ಗಾಯದಿಂದ ಮೂರು ದಿನಗಳಿಗಿಂತ ಹೆಚ್ಚು ಕಾಲ ಕೆಲಸ ಮಾಡಲಾಗದಿದ್ದರೆ ಪರಿಹಾರದ ಹಕ್ಕು ಉಂಟಾಗುತ್ತದೆ. ಸಂಹಿತೆಯ ಮೂರನೆಯ ಅನುಸೂಚಿಯಲ್ಲಿ ಹೇಳಿರುವ ಔದ್ಯೋಗಿಕ ರೋಗಗಳೂ ಅಪಘಾತದಿಂದಾದ ಗಾಯಗಳಿಗೆ ಸಮಾನವೆಂದು ಪರಿಗಣಿತವಾಗುತ್ತವೆ. ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಇದಕ್ಕೆ ಉದಾಹರಣೆ. ಮನೆಯಿಂದ ಕೆಲಸಕ್ಕೆ ಹೋಗುವಾಗ ಅಥವಾ ಕೆಲಸ ಮುಗಿಸಿ ಮರಳುವಾಗ ಆದ ಅಪಘಾತಕ್ಕೂ, ಅದರ ಸಮಯ, ಸ್ಥಳ ಮತ್ತು ಸಂದರ್ಭಗಳಿಗೆ ಉದ್ಯೋಗದೊಂದಿಗೆ ಸಂಬಂಧವಿದ್ದಲ್ಲಿ, ಪರಿಹಾರ ಸಲ್ಲುತ್ತದೆ.

ನೌಕರನು ಮದ್ಯದ ಅಮಲಿನಲ್ಲಿದ್ದನು, ಸುರಕ್ಷತಾ ನಿಯಮವನ್ನು ಬೇಕೆಂದೇ ಮೀರಿದನು, ಅಥವಾ ಸುರಕ್ಷತಾ ಸಾಧನವನ್ನು ಬೇಕೆಂದೇ ತೆಗೆದುಹಾಕಿದನು ಎಂಬ ಕಾರಣಗಳನ್ನು ಮಾಲೀಕನು ಮುಂದೊಡ್ಡಬಹುದು. ಆದರೆ ಅಪಘಾತದಿಂದ ಮರಣ ಅಥವಾ ಶಾಶ್ವತ ಪೂರ್ಣ ಅಂಗವಿಕಲತೆ ಉಂಟಾಗಿದ್ದಲ್ಲಿ ಈ ಯಾವ ಕಾರಣವೂ ನಿಲ್ಲುವುದಿಲ್ಲ.

‘ನಮ್ಮ ಕೆಲಸಗಾರನಲ್ಲ, ಗುತ್ತಿಗೆದಾರನ ಆಳು’ ಎಂಬ ಉತ್ತರವೂ ಸಾಲದು. ಮಾಲೀಕನು ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಗುತ್ತಿಗೆಗೆ ಕೊಟ್ಟಿದ್ದರೆ, ಗುತ್ತಿಗೆದಾರನ ಕೆಲಸಗಾರನಿಗೂ ಪರಿಹಾರ ಕೊಡುವ ಹೊಣೆ ಆ ಮೂಲ ಮಾಲೀಕನ ಮೇಲಿರುತ್ತದೆ. ಕೊಟ್ಟ ಹಣವನ್ನು ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳುವುದು ಅವನಿಗೆ ಬಿಟ್ಟ ವಿಚಾರ.

ಮೊತ್ತವನ್ನು ಲೆಕ್ಕ ಹಾಕುವ ಬಗೆ

ಪರಿಹಾರದ ಮೊತ್ತವು ಮಾಸಿಕ ವೇತನ, ನೌಕರನ ವಯಸ್ಸು ಮತ್ತು ಹಾನಿಯ ಪ್ರಮಾಣ ಎಂಬ ಮೂರು ಅಂಶಗಳನ್ನು ಅವಲಂಬಿಸಿದೆ. ವಯಸ್ಸಿಗೆ ತಕ್ಕ ಗುಣಕವನ್ನು ಅನುಸೂಚಿಯಲ್ಲಿ ಕೊಡಲಾಗಿದೆ. 30 ವರ್ಷದವನಿಗೆ ಇದು 207.98, 40 ವರ್ಷದವನಿಗೆ 184.17. ಮರಣ ಸಂಭವಿಸಿದಲ್ಲಿ ಮಾಸಿಕ ವೇತನದ ಶೇಕಡ 50ನ್ನು, ಶಾಶ್ವತ ಪೂರ್ಣ ಅಂಗವಿಕಲತೆಯಲ್ಲಿ ಶೇಕಡ 60ನ್ನು ಈ ಗುಣಕದಿಂದ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯಬಹುದಾದ ವೇತನದ ಮಿತಿಯನ್ನು ಕೇಂದ್ರ ಸರ್ಕಾರವು ಅಧಿಸೂಚನೆಯ ಮೂಲಕ ಗೊತ್ತುಪಡಿಸುತ್ತದೆ. ಹಳೆಯ ಅಧಿನಿಯಮದ ಅಡಿಯಲ್ಲಿ 2020ರ ಜನವರಿಯಲ್ಲಿ ಈ ಮಿತಿಯನ್ನು 8,000 ರೂಪಾಯಿಗಳಿಂದ 15,000 ರೂಪಾಯಿಗಳಿಗೆ ಏರಿಸಲಾಯಿತು.

ತಿಂಗಳಿಗೆ 12,000 ರೂಪಾಯಿ ವೇತನ ಪಡೆಯುತ್ತಿದ್ದ 30 ವರ್ಷದ ಗಾರೆ ಕೆಲಸಗಾರನ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ:

1. ಆತನು ಮರಣ ಹೊಂದಿದಲ್ಲಿ: 6,000 × 207.98, ಅಂದರೆ 12,47,880 ರೂಪಾಯಿ. ಇದಲ್ಲದೆ ಅಂತ್ಯಕ್ರಿಯೆಯ ವೆಚ್ಚಕ್ಕಾಗಿ 15,000 ರೂಪಾಯಿಗೆ ಕಡಿಮೆಯಿಲ್ಲದ ಮೊತ್ತ.

2. ಶಾಶ್ವತವಾಗಿ ಪೂರ್ಣ ಅಂಗವಿಕಲನಾದಲ್ಲಿ: 7,200 × 207.98, ಅಂದರೆ 14,97,456 ರೂಪಾಯಿ.

3. ಹೆಬ್ಬೆರಳನ್ನು ಕಳೆದುಕೊಂಡಲ್ಲಿ: ಅನುಸೂಚಿಯಂತೆ ಗಳಿಕೆಯ ಸಾಮರ್ಥ್ಯದಲ್ಲಿ ಶೇಕಡ 30ರಷ್ಟು ನಷ್ಟ. ಆದುದರಿಂದ ಮೇಲಿನ ಮೊತ್ತದ ಶೇಕಡ 30, ಸುಮಾರು 4,49,237 ರೂಪಾಯಿ.

4. ತಾತ್ಕಾಲಿಕವಾಗಿ ಕೆಲಸ ಮಾಡಲಾಗದಿದ್ದಲ್ಲಿ: ಪ್ರತಿ ಅರ್ಧ ತಿಂಗಳಿಗೆ ಮಾಸಿಕ ವೇತನದ ಶೇಕಡ 25, ಅಂದರೆ 3,000 ರೂಪಾಯಿ. ಇದು ಗರಿಷ್ಠ ಐದು ವರ್ಷಗಳವರೆಗೆ ಸಲ್ಲುತ್ತದೆ.

ಚಿಕಿತ್ಸೆಗೆ ತಗುಲಿದ ವಾಸ್ತವ ವೆಚ್ಚವನ್ನೂ ಮಾಲೀಕನೇ ಭರಿಸಬೇಕು.

ಹಾನಿಯನ್ನು ಅಳೆಯುವಾಗ ದೇಹದ ಗಾಯವನ್ನಷ್ಟೇ ಅಲ್ಲದೆ, ಅದು ನೌಕರನ ಕಸುಬಿಗೆ ತಂದ ಧಕ್ಕೆಯನ್ನೂ ನೋಡಬೇಕಾಗುತ್ತದೆ. 1968ರಲ್ಲಿ ಒರಿಸ್ಸಾದ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಕೆಲಸ ಮಾಡುತ್ತಿದ್ದ ಬಡಗಿಯೊಬ್ಬನು ಬಿದ್ದು ಎಡಗೈಯನ್ನು ಕಳೆದುಕೊಂಡನು. ಇದು ಭಾಗಶಃ ಹಾನಿ ಮಾತ್ರ ಎಂಬುದು ಮಾಲೀಕನ ವಾದವಾಗಿತ್ತು. ಬಡಗಿಯ ಕೆಲಸವನ್ನು ಒಂದೇ ಕೈಯಿಂದ ಮಾಡಲಾಗದು. ಆದ್ದರಿಂದ ಅವನ ಪಾಲಿಗೆ ಇದು ಪೂರ್ಣ ಅಂಗವಿಕಲತೆಯೇ ಎಂಬ ನಿರ್ಣಯವನ್ನು ಸರ್ವೋಚ್ಚ ನ್ಯಾಯಾಲಯವು 1975ರ ಡಿಸೆಂಬರಿನಲ್ಲಿ ಎತ್ತಿಹಿಡಿಯಿತು. ಆದಕಾರಣ ಅರ್ಜಿದಾರನು ತನ್ನ ಕಸುಬು ಯಾವುದು, ಗಾಯದ ನಂತರ ಅದರಲ್ಲಿ ಏನನ್ನು ಮಾಡಲಾಗದು ಎಂಬುದನ್ನು ಅರ್ಜಿಯಲ್ಲಿ ಬಿಡಿಸಿ ಬರೆಯುವುದು ಅವಶ್ಯಕ.

ಅರ್ಜಿಯನ್ನು ಎಲ್ಲಿ ಸಲ್ಲಿಸಬೇಕು?

ಊರು ಬಿಟ್ಟು ದುಡಿಯುವವರಿಗೆ ಈ ಕಾನೂನಿನಲ್ಲಿ ಅತ್ಯಂತ ಉಪಯುಕ್ತವಾದುದು ಈ ಅಂಶ. ಮೊದಲು ಅಪಘಾತ ನಡೆದ ಪ್ರದೇಶದ ಅಧಿಕಾರಿಯ ಮುಂದೆಯೇ ಅರ್ಜಿ ಸಲ್ಲಿಸಬೇಕಾಗಿತ್ತು. 1995ರ ತಿದ್ದುಪಡಿಯು ಈ ಕಷ್ಟವನ್ನು ನಿವಾರಿಸಿತು; ಸಂಹಿತೆಯೂ ಅದೇ ಅನುಕೂಲವನ್ನು ಉಳಿಸಿಕೊಂಡಿದೆ. ಇದರಂತೆ ಕೆಳಗಿನ ಮೂರರಲ್ಲಿ ಯಾವುದಾದರೂ ಒಂದು ಸ್ಥಳದ ಸಕ್ಷಮ ಪ್ರಾಧಿಕಾರದ ಮುಂದೆ ಅರ್ಜಿ ಸಲ್ಲಿಸಬಹುದು:

(ಅ) ಅಪಘಾತ ಸಂಭವಿಸಿದ ಸ್ಥಳ;
(ಆ) ನೌಕರನು, ಅಥವಾ ಮರಣದ ಸಂದರ್ಭದಲ್ಲಿ ಅವನ ಅವಲಂಬಿತರು, ಸಾಮಾನ್ಯವಾಗಿ ವಾಸಿಸುವ ಸ್ಥಳ;
(ಇ) ಮಾಲೀಕನ ನೋಂದಾಯಿತ ಕಚೇರಿ ಇರುವ ಸ್ಥಳ.

ಯಾದಗಿರಿ ಜಿಲ್ಲೆಯ ಕೆಲಸಗಾರನೊಬ್ಬನು ಪುಣೆಯಲ್ಲಿ ಮಡಿದನೆಂದು ಭಾವಿಸಿದರೆ, ಊರಿನಲ್ಲಿರುವ ಅವನ ಪತ್ನಿಯು ತನ್ನ ಜಿಲ್ಲೆಯಲ್ಲಿಯೇ ಅರ್ಜಿ ಸಲ್ಲಿಸಬಹುದು. ವಿಚಾರಣೆಗಾಗಿ ಆಕೆಯು ಮಕ್ಕಳನ್ನು ಬಿಟ್ಟು ಪುಣೆಗೆ ಅಲೆಯಬೇಕಾಗಿಲ್ಲ. ಅಪಘಾತ ನಡೆದ ಪ್ರದೇಶದ ಪ್ರಾಧಿಕಾರಕ್ಕೆ ನಿಯಮಾನುಸಾರ ನೋಟೀಸು ಕೊಟ್ಟು ವಿಚಾರಣೆ ನಡೆಸುವುದು ಅರ್ಜಿ ಸ್ವೀಕರಿಸಿದ ಪ್ರಾಧಿಕಾರದ ಕರ್ತವ್ಯ. ಸಕ್ಷಮ ಪ್ರಾಧಿಕಾರ ಯಾರೆಂಬುದನ್ನು ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ ತಿಳಿಯಬಹುದು. ಅಕ್ಷರ ಬಾರದವರ ಅರ್ಜಿಯನ್ನು, ಅವರು ಇಚ್ಛಿಸಿದಲ್ಲಿ, ಪ್ರಾಧಿಕಾರದ ನಿರ್ದೇಶನದಂತೆ ಸಿದ್ಧಪಡಿಸಿಕೊಡಲಾಗುತ್ತದೆ.

ಅಪಘಾತವಾದ ಬಳಿಕ ಗಮನಿಸಬೇಕಾದ ಅಂಶಗಳು

1. ಅಪಘಾತದ ವಿವರವನ್ನು ಆದಷ್ಟು ಬೇಗ ಮಾಲೀಕನಿಗೆ ಬರಹದಲ್ಲಿ ತಿಳಿಸಬೇಕು. ಸ್ಪೀಡ್ ಪೋಸ್ಟ್ ಮೂಲಕ ಕಳುಹಿಸಿ ರಸೀದಿಯನ್ನೂ ಪತ್ರದ ಪ್ರತಿಯನ್ನೂ ಇಟ್ಟುಕೊಳ್ಳುವುದು ಒಳ್ಳೆಯದು. ಮಾಲೀಕನಿಗೆ ಅಪಘಾತದ ಸಂಗತಿ ಬೇರೆ ಮೂಲದಿಂದ ತಿಳಿದಿದ್ದರೆ, ನೋಟೀಸು ಕೊಡಲಿಲ್ಲವೆಂಬ ಕಾರಣಕ್ಕೆ ಅರ್ಜಿ ತಿರಸ್ಕೃತವಾಗುವುದಿಲ್ಲ.

2. ನೋಟೀಸು ದೊರೆತ ಮೂರು ದಿನಗಳೊಳಗೆ ಮಾಲೀಕನು ಉಚಿತ ವೈದ್ಯಕೀಯ ಪರೀಕ್ಷೆಗೆ ಕರೆದರೆ ನೌಕರನು ಹಾಜರಾಗಬೇಕು. ಈ ಪರೀಕ್ಷೆಗೆ ಒಳಗಾಗದೆ ಊರಿಗೆ ಹೊರಟುಹೋದರೆ, ಮರಳಿ ಬಂದು ಪರೀಕ್ಷೆಗೆ ಒಪ್ಪುವವರೆಗೆ ಹಕ್ಕು ತಡೆಹಿಡಿಯಲ್ಪಡುತ್ತದೆ.

3. ಆಸ್ಪತ್ರೆಯ ದಾಖಲೆಗಳು, ಔಷಧಿಯ ಬಿಲ್ಲುಗಳು, ಪೊಲೀಸ್ ಠಾಣೆಯ ಪ್ರಥಮ ವರ್ತಮಾನ ವರದಿ, ಪಂಚನಾಮೆ, ಮರಣ ಸಂಭವಿಸಿದಲ್ಲಿ ಮರಣೋತ್ತರ ಪರೀಕ್ಷೆಯ ವರದಿ: ಇವುಗಳ ಪ್ರತಿಗಳನ್ನು ಪಡೆಯಬೇಕು.

4. ಉದ್ಯೋಗವನ್ನೂ ವೇತನವನ್ನೂ ತೋರಿಸುವ ಹಾಜರಿ ಚೀಟಿ, ಗುರುತಿನ ಚೀಟಿ, ಬ್ಯಾಂಕಿಗೆ ಬಂದ ಕೂಲಿಯ ವಿವರ, ಜೊತೆಗೆ ದುಡಿದವರ ಹೆಸರು ಹಾಗೂ ವಿಳಾಸ ಮುಖ್ಯವಾದವು. ಜೊತೆಯ ಕೆಲಸಗಾರರು ಬೇರೆ ಕಾಮಗಾರಿಗೆ ಚದುರಿಹೋಗುವ ಮುನ್ನವೇ ಇವನ್ನು ಬರೆದಿಟ್ಟುಕೊಳ್ಳಬೇಕು.

5. ಅಪಘಾತ ಅಥವಾ ಮರಣದ ದಿನದಿಂದ ಎರಡು ವರ್ಷಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು. ವಿಳಂಬಕ್ಕೆ ಸಾಕಷ್ಟು ಕಾರಣವಿದ್ದರೆ ಪ್ರಾಧಿಕಾರವು ಮನ್ನಿಸಬಹುದು. ಆದರೆ ಅದನ್ನು ನೆಚ್ಚಿ ಕಾಲ ಕಳೆಯುವುದು ಸಲ್ಲದು.

ಖಾಲಿ ಕಾಗದ ಮತ್ತು ಕೈಗೆ ಬಂದ ಹಣ

ಪರಿಹಾರವನ್ನು ಬಿಟ್ಟುಕೊಡುವುದಾಗಿ ನೌಕರನು ಬರೆದುಕೊಟ್ಟ ಕರಾರು ಅಸಿಂಧು. ಮರಣದ ಪ್ರಕರಣದಲ್ಲಿ ಪರಿಹಾರವನ್ನು ಪ್ರಾಧಿಕಾರದಲ್ಲಿಯೇ ಠೇವಣಿ ಇಡಬೇಕು. ಮುಂಗಡದ ಹೊರತು, ಮಾಲೀಕನು ನೇರವಾಗಿ ಕುಟುಂಬದವರ ಕೈಗೆ ಕೊಟ್ಟ ಹಣವು ಪರಿಹಾರವೆನಿಸುವುದಿಲ್ಲ. ಪ್ರಾಧಿಕಾರವು ಪತ್ನಿ, ಮಕ್ಕಳು, ವಿಧವೆಯಾದ ತಾಯಿ ಮೊದಲಾದ ಅವಲಂಬಿತರ ನಡುವೆ ಅದನ್ನು ಹಂಚುತ್ತದೆ. ಸಾಲಗಾರರು ಈ ಹಣವನ್ನು ಜಪ್ತಿ ಮಾಡುವಂತಿಲ್ಲ. ಬದುಕಿರುವ ನೌಕರನೊಡನೆ ಮಾಡಿಕೊಂಡ ರಾಜಿ ಒಪ್ಪಂದವೂ ನೋಂದಣಿಯಾಗಬೇಕು. ಮೊತ್ತವು ತೀರ ಕಡಿಮೆಯೆಂದಾಗಲಿ, ಮೋಸದಿಂದ ಪಡೆದುದೆಂದಾಗಲಿ ಕಂಡುಬಂದರೆ ಪ್ರಾಧಿಕಾರವು ನೋಂದಣಿಯನ್ನು ನಿರಾಕರಿಸಬಹುದು.

ಪರಿಹಾರವನ್ನು ಸಲ್ಲಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇಕಡ 12ರಂತೆ ಬಡ್ಡಿ ಸೇರುತ್ತದೆ. ವಿಳಂಬಕ್ಕೆ ಸಮರ್ಥನೆಯಿಲ್ಲದಿದ್ದಲ್ಲಿ ಪರಿಹಾರದ ಶೇಕಡ 50ರವರೆಗೆ ದಂಡವನ್ನೂ ವಿಧಿಸಬಹುದು.

ಇತರ ಕಾನೂನುಗಳೊಂದಿಗೆ ಸಂಬಂಧ

ರಾಜ್ಯ ನೌಕರರ ವಿಮಾ ಯೋಜನೆಗೆ ಒಳಪಟ್ಟ ನೌಕರನು ಪರಿಹಾರವನ್ನು ವಿಮಾ ನಿಗಮದಿಂದಲೇ ಪಡೆಯಬೇಕು. ಮಾಲೀಕನಿಂದ ಬೇರೆಯಾಗಿ ಕೇಳಲು ಬರುವುದಿಲ್ಲ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಹೋಟೆಲು, ಅಂಗಡಿ, ಕಾರ್ಖಾನೆಗಳ ನೌಕರರು ತಮ್ಮ ವೇತನದಿಂದ ವಿಮಾ ವಂತಿಗೆ ಕಡಿತವಾಗುತ್ತಿದೆಯೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ವಾಹನ ಅಪಘಾತದಲ್ಲಿ ಮೋಟಾರು ವಾಹನ ಕಾನೂನಿನಂತೆಯೂ ಈ ಕಾನೂನಿನಂತೆಯೂ ಹಕ್ಕು ಇರುವಾಗ ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬಹುದು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿತರಾದವರಿಗೆ ಮಂಡಳಿಯ ನೆರವು ಪ್ರತ್ಯೇಕವಾಗಿ ದೊರೆಯುತ್ತದೆ.

ಉಚಿತ ಕಾನೂನು ನೆರವು

1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದಂತೆ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಉಚಿತವಾಗಿ ವಕೀಲರ ನೆರವನ್ನು ಪಡೆಯಲು ಅರ್ಹರು. ಇದಕ್ಕಾಗಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು, ಅಥವಾ 15100 ಸಂಖ್ಯೆಗೆ ದೂರವಾಣಿ ಮಾಡಬಹುದು.

ನೌಕರನನ್ನು ಕೆಲಸಕ್ಕೆ ಸೇರಿಸಿಕೊಳ್ಳುವಾಗಲೇ ಪರಿಹಾರದ ಹಕ್ಕನ್ನು ಕುರಿತು ಅವನಿಗೆ ಅರ್ಥವಾಗುವಂತೆ ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರಹದ ಮೂಲಕ ತಿಳಿಸುವುದು ಮಾಲೀಕನ ಕರ್ತವ್ಯವಾಗಿದೆ. ಮರಾಠಿಯಲ್ಲೋ ತೆಲುಗಿನಲ್ಲೋ ಇರುವ ಆ ಕಾಗದವನ್ನು ಓದಲಾರದ ಕನ್ನಡಿಗನು ಬಲ್ಲವರಿಂದ ಓದಿಸಿ ತಿಳಿದು, ಒಂದು ಪ್ರತಿಯನ್ನು ಊರಿನ ಮನೆಗೂ ಕಳುಹಿಸಿಡುವುದು ಲೇಸು. ಆಪತ್ತಿನ ದಿನ ಮನೆಯವರು ಯಾರ ಹೆಸರಿನಲ್ಲಿ, ಯಾವ ಕಚೇರಿಯ ಬಾಗಿಲಿಗೆ ಹೋಗಬೇಕೆಂಬುದು ಆ ಒಂದು ಹಾಳೆಯಿಂದಲೇ ತಿಳಿಯಬಹುದು.